ಮೈಟೊಕಾಂಡ್ರಿಯಾ ಕಾಯಿಲೆ ಇದ್ದವರು ಜ್ವರ, ನೋವಿಗೆ ಯಾವ ಮಾತ್ರೆ ತಗೋಬಹುದು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)



ಒಂದು ಸನ್ನಿವೇಶ ಊಹಿಸ್ಕೊಳ್ಳಿ. ರಾತ್ರಿ 11 ಗಂಟೆ. 12 ಕೆ.ಜಿ. ತೂಕದ ಮಗು, ಮೈ ಕೆಂಡದ ಹಾಗೆ ಸುಡ್ತಿದೆ. ಮಗುವಿಗೆ ಮೈಟೊಕಾಂಡ್ರಿಯಾ ಕಾಯಿಲೆ ಇದೆ ಅಂತ ಹೋದ ವರ್ಷವಷ್ಟೇ ಗೊತ್ತಾಗಿದೆ. ಅಮ್ಮನ ಒಂದು ಕೈಯಲ್ಲಿ ಪ್ಯಾರಾಸಿಟಮಾಲ್ ಸಿರಪ್, ಇನ್ನೊಂದು ಕೈಯಲ್ಲಿ ಮೊಬೈಲ್. ಮೊಬೈಲಲ್ಲಿ ಯಾರೋ ಫಾರ್ವರ್ಡ್ ಮಾಡಿದ ‘ಈ ಔಷಧ ಮುಟ್ಟಲೇಬೇಡಿ’ ಅನ್ನೋ ಪಟ್ಟಿ. ಪ್ಯಾರಾಸಿಟಮಾಲ್ ಕೂಡ ಅದರಲ್ಲಿದೆ! ಕೊಡಬೇಕಾ, ಬೇಡ್ವಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ತೂಕಕ್ಕೆ ತಕ್ಕ ಸರಿಯಾದ ಡೋಸ್‌ನಲ್ಲಿ ಪ್ಯಾರಾಸಿಟಮಾಲ್ ಈ ಕಾಯಿಲೆ ಇರೋ ಹೆಚ್ಚಿನವರಿಗೆ ಮೊದಲ ಆಯ್ಕೆ. ಲಿವರ್ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನ ಕೇಳದೆ ಕೊಡೋ ಹಾಗಿಲ್ಲ. ಹೆದರಿಕೊಂಡು ಏನೂ ಕೊಡದೆ ಕೂರೋದೂ ಅಪಾಯವೇ. ಯಾಕೆ ಅಂತ ನೋಡೋಣ.

ಮೈಟೊಕಾಂಡ್ರಿಯಾ ಅಂದ್ರೆ ಜೀವಕೋಶದೊಳಗಿನ ಪವರ್‌ಹೌಸ್ ಅಂತ ಹೈಸ್ಕೂಲಲ್ಲಿ ಓದಿರ್ತೀರಿ. ತಿಂದ ಅನ್ನ, ಎಳೆದುಕೊಂಡ ಉಸಿರು ಎರಡನ್ನೂ ಸೇರಿಸಿ ಶಕ್ತಿ ಮಾಡಿಕೊಡೋದು ಅವೇ. ಅವುಗಳಲ್ಲಿ 37 ಜೀನ್‌ಗಳಿರೋ ತಮ್ಮದೇ ಪುಟ್ಟ ಡಿಎನ್ಎ ಇರುತ್ತೆ. ಅದು ನಮಗೆ ಬರೋದು ಅಮ್ಮನಿಂದ ಮಾತ್ರ. ಆ ಡಿಎನ್ಎಯಲ್ಲಾಗಲಿ, ಅಪ್ಪ-ಅಮ್ಮ ಇಬ್ಬರಿಂದಲೂ ಬರೋ ಇತರ ಕೆಲವು ಜೀನ್‌ಗಳಲ್ಲಾಗಲಿ ದೋಷ ಇದ್ದರೆ ಶಕ್ತಿ ಸಾಲದೆ ಮಿದುಳು, ಸ್ನಾಯು, ಹೃದಯ, ಕಿವಿ, ಲಿವರ್ ಸೊರಗುತ್ತವೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರಬಹುದು ಅನ್ನೋದು ಅಂದಾಜು. ಅಪರೂಪ ಹೌದು, ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವೈದ್ಯರು ಇಂಥವರನ್ನ ನೋಡ್ತಾನೇ ಇರ್ತಾರೆ.

ಈಗ ಜ್ವರದ ವಿಷಯ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಶಕ್ತಿ ಖರ್ಚು ಶೇ 10ರಷ್ಟು ಜಾಸ್ತಿ ಆಗುತ್ತೆ. ಬ್ಯಾಟರಿ ಮೊದಲೇ ಕಮ್ಮಿ ಇರೋ ಫೋನಲ್ಲಿ ವಿಡಿಯೊ ಕಾಲ್ ಹಾಕಿದಂಗೆ. ಜೊತೆಗೆ ಮಗು ಊಟ ಬಿಟ್ಟಿರುತ್ತೆ, ವಾಂತಿ ಬೇರೆ. ಈ ಕಾಯಿಲೆಯವರು ದಿಢೀರ್ ಕುಸಿಯೋದು ಹೆಚ್ಚಾಗಿ ಇಂಥ ಹೊತ್ತಲ್ಲೇ. ಅದಕ್ಕೇ ಜ್ವರ, ನೋವನ್ನ ಹಾಗೇ ಬಿಡೋ ಹಾಗಿಲ್ಲ ಅಂದಿದ್ದು.

ಹಾಗಾದ್ರೆ ಪ್ಯಾರಾಸಿಟಮಾಲ್ ಪಟ್ಟಿಗೆ ಸೇರಿದ್ದು ಹೇಗೆ? ನಾವು ನುಂಗಿದ ಪ್ಯಾರಾಸಿಟಮಾಲ್‌ನಲ್ಲಿ ಬಹುಪಾಲು ಲಿವರ್‌ನಲ್ಲಿ ನಿರಪಾಯವಾಗಿ ಬದಲಾಗಿ ಮೂತ್ರದಲ್ಲಿ ಹೋಗುತ್ತೆ. ಒಂದು ಸಣ್ಣ ಪಾಲು ಮಾತ್ರ ವಿಷಕಾರಿ ವಸ್ತುವಾಗುತ್ತೆ. ಗ್ಲುಟಾಥಯೋನ್ ಅನ್ನೋ ರಕ್ಷಕ ಅದನ್ನ ಅಲ್ಲೇ ಹಿಡಿದು ಸಾಗಹಾಕುತ್ತೆ. ಡೋಸ್ ಮಿತಿಮೀರಿದರೆ ಗ್ಲುಟಾಥಯೋನ್ ಖಾಲಿ. ಆಗ ಆ ವಿಷ ಹೋಗಿ ಕಚ್ಚೋದು ಲಿವರ್‌ನ ಮೈಟೊಕಾಂಡ್ರಿಯಾವನ್ನೇ. ಉಪವಾಸ ಇದ್ದವರಲ್ಲಿ, ತೀರಾ ಸಣಕಲು ಆಗಿರೋರಲ್ಲಿ ಈ ರಕ್ಷಕ ಮೊದಲೇ ಕಡಿಮೆ ಇರುತ್ತೆ. ಮೈಟೊಕಾಂಡ್ರಿಯಾ ಕಾಯಿಲೆಯ ಕೆಲವರಲ್ಲೂ ಅಷ್ಟೇ. ಅಂದ್ರೆ ಭಯಕ್ಕೆ ಕಾರಣ ಇದೆ, ಆದರೆ ಆ ಕಾರಣ ಇರೋದು ಡೋಸ್‌ನಲ್ಲಿ ಮತ್ತು ಹೊಟ್ಟೆಯಲ್ಲಿ.

ಡೋಸ್ ತಪ್ಪೋದು ಎಲ್ಲಿ ಗೊತ್ತಾ? ನಮ್ಮ ಮನೆಯ ಔಷಧದ ಡಬ್ಬಿಯಲ್ಲಿ. ತಲೆನೋವಿಗೆ ಸಾರಿಡಾನ್, ಮೈಕೈ ನೋವಿಗೆ ಕಾಂಬಿಫ್ಲಾಮ್, ಜ್ವರಕ್ಕೆ ಡೋಲೊ 650, ನೆಗಡಿಗೆ ಇನ್ನೊಂದು. ನಾಲ್ಕು ಹೆಸರು, ಆದರೆ ಮೊದಲ ಮೂರರಲ್ಲೂ ಪ್ಯಾರಾಸಿಟಮಾಲ್ ಇದೆ, ನೆಗಡಿ ಮಾತ್ರೆಯಲ್ಲೂ ಸಾಮಾನ್ಯವಾಗಿ ಇರುತ್ತೆ. ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. 650ರ ಆರು ಮಾತ್ರೆಗೇ 3.9 ಗ್ರಾಂ ಆಯ್ತು. ತೂಕ ಕಡಿಮೆ ಇರೋರಿಗೆ, ಲಿವರ್ ತೊಂದರೆ ಇರೋರಿಗೆ ಮಿತಿ ಇನ್ನೂ ಕೆಳಗೆ.

ಮಕ್ಕಳ ಸಿರಪ್‌ನಲ್ಲಿ ಇನ್ನೊಂದು ಗೊಂದಲ. ಒಂದು ಬಾಟಲಿಯಲ್ಲಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ, ಅದೇ ಥರ ಕಾಣೋ ಇನ್ನೊಂದರಲ್ಲಿ 250. ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 10ರಿಂದ 15 ಮಿಲಿಗ್ರಾಂ ಅನ್ನೋದು ಸಾಮಾನ್ಯ ಲೆಕ್ಕ. ನಮ್ಮ 12 ಕೆ.ಜಿ. ಮಗುವಿಗೆ ಅಂದ್ರೆ 120ರಿಂದ 180. ಮೊದಲ ಬಾಟಲಿಯಲ್ಲಿ 5 ಎಂ.ಎಲ್. ಸರಿಹೋಗುತ್ತೆ, ಎರಡನೆಯದರಲ್ಲಿ ಅದೇ 5 ಎಂ.ಎಲ್. ಜಾಸ್ತಿಯಾಯ್ತು. ಚಮಚ ಬಿಟ್ಟು ಬಾಟಲಿ ಜೊತೆ ಬರೋ ಅಳತೆ ಮುಚ್ಚಳ ಬಳಸಿ, ಡಾಕ್ಟರ್ ಬರೆದುಕೊಟ್ಟ ಅಂತರ ಪಾಲಿಸಿ. ಅಕಸ್ಮಾತ್ ಡೋಸ್ ತುಂಬಾ ಮೀರಿದೆ ಅನ್ನಿಸಿದರೆ ಕಾಯಬೇಡಿ. ಮೊದಲ ದಿನ ಏನೂ ಕಾಣಿಸದೇ ಇರಬಹುದು. ಆದರೆ ಆಸ್ಪತ್ರೆಯಲ್ಲಿ ಕೊಡೋ ಮದ್ದು ಚೆನ್ನಾಗಿ ಕೆಲಸ ಮಾಡೋದು ಮೊದಲ 8 ಗಂಟೆಯೊಳಗೆ ಕೊಟ್ಟಾಗ.

ಆಸ್ಪಿರಿನ್ ಕಥೆ ಬೇರೆ. 1963ರಲ್ಲಿ ಆಸ್ಟ್ರೇಲಿಯಾದ ಡಗ್ಲಾಸ್ ರೈ ಅನ್ನೋ ವೈದ್ಯರು, ವೈರಲ್ ಜ್ವರ ಬಂದು ಹೋಗ್ತಿದ್ದ ಹಾಗೇ ಮಕ್ಕಳ ಮಿದುಳು ಊದಿಕೊಂಡು ಲಿವರ್ ಕೆಡೋ ಒಂದು ಕಾಯಿಲೆ ಬಗ್ಗೆ ಬರೆದರು. ಅದಕ್ಕೆ ಅವರದೇ ಹೆಸರು ಬಂತು. ಅಲ್ಲಿ ಪೆಟ್ಟು ತಿನ್ನೋದು ಲಿವರ್‌ನ ಮೈಟೊಕಾಂಡ್ರಿಯಾ. ಆಮೇಲೆ ಆಸ್ಪಿರಿನ್ ಜೊತೆ ಅದರ ನಂಟು ಕಂಡುಬಂತು. ಬ್ರಿಟನ್‌ನಲ್ಲಿ 2002ರಿಂದ 16 ವರ್ಷದೊಳಗಿನವರಿಗೆ ವೈದ್ಯರು ಹೇಳದೆ ಆಸ್ಪಿರಿನ್ ಕೊಡಬಾರದು ಅಂತ ಸೂಚನೆ ಇದೆ. ಹಾಗಾಗಿ ಮಕ್ಕಳ ಜ್ವರಕ್ಕೆ ಡಿಸ್ಪ್ರಿನ್ ಬೇಡವೇ ಬೇಡ. ಹೃದಯಕ್ಕೆ, ಪಾರ್ಶ್ವವಾಯುವಿಗೆ ಅಂತ ಡಾಕ್ಟರ್ ಕಡಿಮೆ ಡೋಸ್‌ನಲ್ಲಿ ಬರೆದುಕೊಟ್ಟಿರೋ ದೊಡ್ಡವರು ಇದನ್ನ ಕೇಳಿ ನಿಲ್ಲಿಸಬೇಡಿ, ಪ್ಲೀಸ್.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೇಲಿನ ಅನುಮಾನ ಬಂದಿದ್ದು ಹೆಚ್ಚಾಗಿ ಲ್ಯಾಬ್‌ನಿಂದ. ಇಲಿಯ ಲಿವರ್‌ನಿಂದ ತೆಗೆದ ಮೈಟೊಕಾಂಡ್ರಿಯಾದ ಮೇಲೆ ಔಷಧ ಸುರಿದು ನೋಡೋದಕ್ಕೂ, ಮನುಷ್ಯ ಎರಡು ದಿನ ಮಾತ್ರೆ ನುಂಗೋದಕ್ಕೂ ತುಂಬಾ ಅಂತರ. ನಿಜವಾಗಿ ಯೋಚಿಸಬೇಕಾದ್ದು ಕಿಡ್ನಿ ಮತ್ತು ಹೊಟ್ಟೆ ಬಗ್ಗೆ. ಕಿಡ್ನಿ ಅಥವಾ ಹೃದಯ ತೊಂದರೆ ಇದ್ದರೆ, ವಾಂತಿ-ಭೇದಿಯಿಂದ ನೀರು ಕಮ್ಮಿಯಾಗಿದ್ದರೆ ಇವು ಬೇಡ. ಮಳೆಗಾಲದಲ್ಲಿ ಡೆಂಗಿ ಅಲ್ಲ ಅಂತ ಖಾತ್ರಿಯಾಗೋ ತನಕ ಯಾರಿಗೂ ಬೇಡ, ರಕ್ತಸ್ರಾವದ ಭಯ. ನಿಮೆಸುಲೈಡ್ ಬಗ್ಗೆ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ಅದರಿಂದ ಲಿವರ್ ಕೆಟ್ಟ ವರದಿಗಳಿವೆ, 2011ರಲ್ಲಿ ಭಾರತ ಸರ್ಕಾರವೇ 12 ವರ್ಷದೊಳಗಿನ ಮಕ್ಕಳಿಗೆ ಅದನ್ನ ನಿಷೇಧಿಸಿದೆ. ಬೇರೆ ಮಾತ್ರೆ ಇರುವಾಗ ಅದೇ ಯಾಕೆ ಬೇಕು? ಟ್ರಮಡಾಲ್ ಫಿಟ್ಸ್ ಇರೋರಿಗೆ ಒಗ್ಗಲ್ಲ, ಮತ್ತೆ ಈ ಕಾಯಿಲೆಯಲ್ಲಿ ಫಿಟ್ಸ್ ಇರೋರು ಬಹಳ.

2020ರಲ್ಲಿ ಆರು ದೇಶಗಳ 16 ತಜ್ಞರು ಸೇರಿ, ಈ ಕಾಯಿಲೆ ಇರೋರಿಗೆ 46 ಔಷಧಗಳು ಎಷ್ಟು ಸುರಕ್ಷಿತ ಅಂತ ಒಂದೊಂದಾಗಿ ಪರಿಶೀಲಿಸಿದರು. ಬರೀ ಸಿದ್ಧಾಂತದ ಭಯಕ್ಕೆ ಬೇಕಾದ ಔಷಧವನ್ನ ತಡೆಹಿಡಿಯೋದು ಅವರ ದೊಡ್ಡ ಚಿಂತೆಯಾಗಿತ್ತು. ತೀರ್ಮಾನ ಆಯಾ ರೋಗಿಯನ್ನ ನೋಡಿ ಆಗಬೇಕು ಅಂದರು.

ಆದರೆ ಹುಷಾರಾಗಿರಲೇಬೇಕಾದ ಔಷಧಗಳೂ ಇವೆ, ಅವು ಬರೋ ದಾರಿ ಸ್ವಲ್ಪ ವಿಚಿತ್ರ. ಪದೇಪದೇ ಬರೋ ಮೈಗ್ರೇನ್ ತಡೆಯೋಕೆ ವಾಲ್‌ಪ್ರೊಯೇಟ್ ಬರೆದುಕೊಡೋದುಂಟು. ಪಿಒಎಲ್‌ಜಿ ಅನ್ನೋ ಜೀನ್‌ನ ದೋಷದಿಂದ ಕಾಯಿಲೆ ಬಂದವರಿಗೆ ಅದು ಲಿವರ್ ಪೂರ್ತಿ ಕೆಡಿಸಿ ಜೀವವನ್ನೇ ತೆಗೆಯಬಹುದು. ಯಾವ ಜೀನ್ ಅಂತ ಗೊತ್ತಿಲ್ಲದಿದ್ದರೆ ಬೇರೆ ಔಷಧ ಕೇಳಿ. ಹಾಗೇ ಜ್ವರ ಅಂತ ಕ್ಲಿನಿಕ್‌ಗೆ ಹೋದಾಗ ಇಂಜೆಕ್ಷನ್ ಕೊಟ್ಟರೆ ಹೆಸರು ಕೇಳ್ಕೊಳ್ಳಿ. ಜೆಂಟಾಮೈಸಿನ್, ಅಮಿಕಾಸಿನ್ ಆಗಿದ್ದರೆ, ಅಮ್ಮನ ಕಡೆಯಿಂದ ಬರೋ ಒಂದು ಬದಲಾವಣೆ ಇರೋರಿಗೆ ಕಿವಿ ಶಾಶ್ವತವಾಗಿ ಹೋಗಬಹುದು. ‘ನಮ್ಮ ಅಜ್ಜಿಗೂ, ಸೋದರಮಾವನಿಗೂ ಇಂಜೆಕ್ಷನ್ ಆದಮೇಲೆ ಕಿವಿ ಕೇಳಿಸ್ತಿರಲಿಲ್ಲ’ ಅನ್ನೋ ಮಾತು ಮನೆಯಲ್ಲಿದ್ದರೆ ಅದನ್ನ ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು. ಮೆಲಾಸ್ ಅನ್ನೋ ಬಗೆಯ ಕಾಯಿಲೆ ಇರೋರಿಗೆ ಜೋರು ತಲೆನೋವು, ವಾಂತಿ, ಜೊತೆಗೆ ದೃಷ್ಟಿ ಮಂಕಾಗೋದು, ಮಾತು ತೊದಲೋದು ಶುರುವಾದರೆ ಅದು ಮಾತ್ರೆ ನುಂಗಿ ಮಲಗೋ ತಲೆನೋವಲ್ಲ. ಪಾರ್ಶ್ವವಾಯುವಿನಂಥ ದಾಳಿ ಇರಬಹುದು, ನೇರ ಆಸ್ಪತ್ರೆಗೆ ಹೋಗಿ.

ಆ ಅಮ್ಮ ಬಾಟಲಿ ಮೇಲಿನ ಅಂಕಿ ಓದಿ, ಅಳೆದು ಸಿರಪ್ ಕೊಡಬಹುದು. ಜೊತೆಗೆ ಸ್ವಲ್ಪ ಗಂಜಿಯೋ, ಸಕ್ಕರೆ ಹಾಕಿದ ಹಾಲೋ. ಏನೂ ಒಳಗೆ ನಿಲ್ತಿಲ್ಲ, ಮಗು ಮಂಕಾಗಿದೆ ಅಂದ್ರೆ ಬೆಳಗಿನ ತನಕ ಕಾಯದೆ ಹೊರಡಬೇಕು, ಯಾಕಂದ್ರೆ ಆಗ ಗ್ಲೂಕೋಸ್ ಡ್ರಿಪ್ಪೇ ಬೇಕಾಗಬಹುದು. ಕಾಯಿಲೆಯ ಹೆಸರು, ಜೀನ್ ರಿಪೋರ್ಟು, ಆಗದ ಔಷಧಗಳ ಹೆಸರು ಒಂದು ಫೋಟೊದಲ್ಲಿ ಫೋನಲ್ಲಿದ್ದರೆ, ರಾತ್ರಿ ಡ್ಯೂಟಿಯಲ್ಲಿರೋ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂಗೆ.

ಮುಂದಿನ ಕಂತಲ್ಲಿ ಸಿಗೋಣ.