ಹಲಸಿನ ಮರ ಉಳಿಸಿದ ಮರದ ನೆಲ

ನಮ್ಮ ಅತ್ತೆಯವರಿಗೆ 78 ವರ್ಷ. ಮಲೆನಾಡಿನ ಮಳೆಗಾಲದಲ್ಲಿ ಗ್ರಾನೈಟ್ ನೆಲಕ್ಕೆ ಪಾದ ಇಟ್ಟರೆ ಸಾಕು, ಮಂಡಿಯವರೆಗೂ ಚಳಿ ಹತ್ತುತ್ತದೆ ಅಂತಾರೆ. ಅವರ ತವರುಮನೆಯ ಉಪ್ಪರಿಗೆಯಲ್ಲಿ ಹಲಗೆಯ ನೆಲ ಇತ್ತಂತೆ, ಸದಾ ಬೆಚ್ಚಗೆ. ಹೋದ ವರ್ಷ ಅವರ ಕೋಣೆಗಾದರೂ ಮರದ ನೆಲ ಹಾಕಿಸೋಣವೆಂದು ನಮ್ಮವರು ಆಚಾರ್ರನ್ನು ಕರೆಸಿದರು. ಆಚಾರ್ರು ಕೋಣೆ ಅಳೆದರು, ಕಾಫಿ ಕುಡಿದರು, ಆಮೇಲೆ ಹಿತ್ತಲಿಗೆ ಹೋಗಿ ಹಲಸಿನ ಮರಕ್ಕೆ ಒಂದು ಸುತ್ತು ಹಾಕಿ ಬಂದು, “ಪೇಟೆಗೆ ಯಾಕೆ ಹೋಗ್ತೀರಿ ಅಮ್ಮಾ, ಇದೊಂದನ್ನ ಕಡಿದ್ರೆ ಆಯ್ತು” ಅಂದರು.

ನನ್ನ ಎದೆ ಧಸಕ್ಕೆಂದಿತು. ಮಾವನವರು ನೆಟ್ಟ ಮರ ಅದು. ವರ್ಷವಿಡೀ ನಮ್ಮ ಮನೆಯ ಹಪ್ಪಳ, ಚಿಪ್ಸು, ಬೀದಿಯವರಿಗೆಲ್ಲ ಹಂಚುವ ಹಣ್ಣು, ಎಲ್ಲಾ ಅದರದೇ. ಅತ್ತೆಯವರೂ “ನನ್ನ ಕಾಲಿಗೋಸ್ಕರ ಮರ ಕಡಿಯೋದು ಬೇಡವೇ ಬೇಡ” ಎಂದು ಹಟ ಹಿಡಿದರು.

ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದಾಗ, “ಎಂಜಿನಿಯರ್ಡ್ ವುಡ್ ಹಾಕಿಸಿ ಅಮ್ಮಾ” ಅಂದಳು. ಅದೇನೋ ಪ್ಲಾಸ್ಟಿಕ್ ಇರಬೇಕೆಂದು ನಾನು ಮೂಗು ಮುರಿದೆ. ಅಂಗಡಿಗೆ ಹೋಗಿ ಹಲಗೆಯ ಅಂಚು ನೋಡಿದ ಮೇಲೆಯೇ ಗೊತ್ತಾದದ್ದು, ಅದು ಪೂರ್ತಿ ಮರವೇ. ಮೇಲೆ ಮಾತ್ರ ತೇಗವೋ ಓಕೋ, ಒಳ್ಳೆಯ ಮರದ ತೆಳು ಪದರ. ಅದರ ಕೆಳಗೆಲ್ಲ ಬೇಗ ಬೆಳೆಯುವ ಅಗ್ಗದ ಮರದ ಪದರಗಳು, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಅಂಟಿಸಿದ್ದು. ಹೀಗೆ ಪದರ ಕಟ್ಟಿದ ನೆಲಕ್ಕೆ ಸ್ವೀಡನ್ನಿನ ಗುಸ್ತಾಫ್ ಶೇರ್ ಎಂಬಾತ 1941ರಲ್ಲೇ ಪೇಟೆಂಟ್ ಪಡೆದಿದ್ದನಂತೆ. ಮಳೆಗಾಲದಲ್ಲಿ ನಮ್ಮ ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ನಿಮಗೂ ಗೊತ್ತು. ಅಡ್ಡ ಪದರ ಉದ್ದ ಪದರವನ್ನು ಹಿಡಿದಿಡುವುದರಿಂದ ಈ ಹಲಗೆ ಅಷ್ಟು ಉಬ್ಬುವುದಿಲ್ಲ, ಸೊಟ್ಟಗಾಗುವುದಿಲ್ಲ.

ಲೆಕ್ಕ ಹಾಕಿ ನೋಡಿದೆ. ನಮ್ಮ ಕೋಣೆ 10 ಅಡಿಗೆ 12 ಅಡಿ. ಮುಕ್ಕಾಲು ಇಂಚು ದಪ್ಪದ ಇಡೀ ಹಲಗೆ ಹಾಕಿದರೆ 7½ ಘನ ಅಡಿ ಒಳ್ಳೆಯ ಮರ ಬೇಕು. ದಿಮ್ಮಿ ಕೊಯ್ಯುವಾಗ ಹೆಚ್ಚುಕಡಿಮೆ ಅರ್ಧ ಮರ ಹೊಟ್ಟು, ತುಂಡು ಅಂತ ಹೋಗುತ್ತದೆ, ಅದು ಬೇರೆ. ಈ ಹಲಗೆಯಲ್ಲಿ ಮೇಲಿನ ಪದರ ಒಂದು ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಮಿಲಿಮೀಟರ್. 1¼ ಘನ ಅಡಿ ಸಾಕು! ಒಂದು ಕೋಣೆಯ ಮರದಲ್ಲಿ ಆರು ಕೋಣೆ. ತೇಗ ಬಲಿಯಲು ಐವತ್ತು ಅರವತ್ತು ವರ್ಷ ಬೇಕೆಂದು ನೆನೆದರೆ ಇದು ಸಣ್ಣ ಮಾತಲ್ಲ.

ಒಳಗಿನ ಪದರಕ್ಕೂ ಮರ ಕಡಿಯಬೇಕಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನಾವು ಆರಿಸಿದ ಹಲಗೆಯ ಒಳಗಿರುವುದು ರಬ್ಬರ್ ಮರ. ಸುಳ್ಯ, ಪುತ್ತೂರು ಕಡೆ ತೋಟ ನೋಡಿದವರಿಗೆ ತಿಳಿದೇ ಇದೆ, ಸುಮಾರು 25–30 ವರ್ಷ ಹಾಲು ಕೊಟ್ಟ ಮೇಲೆ ಅದನ್ನು ಹೇಗೂ ಕಡಿದು ಹೊಸ ಸಸಿ ಇಡುತ್ತಾರೆ. ಹಿಂದೆ ಆ ಮರ ಬಹುಪಾಲು ಒಲೆಗೇ ಹೋಗುತ್ತಿತ್ತು. ಈಗ ಹುಳ ಹಿಡಿಯದಂತೆ ಬೊರಾಕ್ಸ್ ಮದ್ದು ಕೊಟ್ಟು ಬಳಸುತ್ತಾರೆ. ಕೆಲವು ಹಲಗೆಗಳ ಒಳಗೆ ನೀಲಗಿರಿಯೂ ಇರುತ್ತದೆ. ನೀಲಗಿರಿ ಮೇಲೆ ನನಗೆ ಕೋಪವೇ, ಬಾವಿ ಒಣಗಿದ ಊರಿನವರನ್ನು ಕೇಳಿ. ಆದರೂ ಕಾಡಿನ ಮರಕ್ಕಿಂತ ರೈತ ಬೆಳೆದ ಮರ ವಾಸಿ. ಕಾರ್ಖಾನೆಗಳು ರೈತರಿಂದಲೇ ಮರ ಪಡೆಯಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿಯೂ ಹೇಳಿತ್ತು.

ಇನ್ನು ಇದರ ಕುಂದು. ಪದರ ಅಂಟಿಸುವ ಗೋಂದಿನಲ್ಲಿ ಸಾಧಾರಣವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕಣ್ಣುರಿ, ಗಂಟಲು ಕೆರೆತ ಅದರಿಂದ. ಪೆಟ್ಟಿಗೆಯ ಮೇಲೆ ಇ-1 ಅಥವಾ ಇ-0 ಎಂದಿದ್ದರೆ ಅದು ಕಡಿಮೆ ಎಂದರ್ಥ. ಹಾಗಿದ್ದರೂ ನಾವು ಹದಿನೈದು ದಿನ ಕಿಟಕಿ ತೆರೆದಿಟ್ಟೇ ಅತ್ತೆಯವರನ್ನು ಒಳಗೆ ಮಲಗಿಸಿದ್ದು. ಲ್ಯಾಮಿನೇಟ್ ಎಂಬುದನ್ನೂ ಅಂಗಡಿಯವರು ಇದೇ ಎಂದು ತೋರಿಸಿದರು, ಮೋಸ ಹೋಗಬೇಡಿ. ಅದರ ಮೇಲೆ ಇರುವುದು ಮರವಲ್ಲ, ಮರದ ಚಿತ್ರ ಅಚ್ಚಾದ ಕಾಗದ. ಅಂಚು ನೋಡಿದರೆ ಪದರ ಕಾಣುವುದಿಲ್ಲ.

ಬಕೆಟ್ ನೀರು ಸುರಿದು ಒರೆಸುವ ನಮ್ಮ ಅಭ್ಯಾಸ ಇಲ್ಲಿ ನಡೆಯದು. ಚೆನ್ನಾಗಿ ಹಿಂಡಿದ ಬಟ್ಟೆಯಷ್ಟೇ. ಒಂದು ರಾತ್ರಿ ಚೊಂಬು ಉರುಳಿ, ಬೆಳಿಗ್ಗೆಯವರೆಗೂ ಯಾರೂ ನೋಡದೆ, ಒಂದು ಮೂಲೆ ಸ್ವಲ್ಪ ಎದ್ದಿದೆ. ತಪ್ಪು ನಮ್ಮದೇ. ಅಡುಗೆಮನೆ, ಬಚ್ಚಲ ಹತ್ತಿರವಂತೂ ಬೇಡವೇ ಬೇಡ. ಕಾವಿ ನೆಲ ಚೆನ್ನಾಗಿರುವವರು ಅದನ್ನು ಕಿತ್ತು ಇದನ್ನು ಹಾಕಿಸಿದರೆ ಯಾವ ಮರವೂ ಉಳಿಯುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ಮರವೇ ಬೇಕು ಅನ್ನುವವರಿಗೆ ಮಾತ್ರ ನನ್ನ ಈ ಮಾತು.

ಈ ವರ್ಷ ಹಲಸು ಬುಡದಿಂದಲೇ ಕಾಯಿ ಕಚ್ಚಿದೆ. ಮೊನ್ನೆ ಅತ್ತೆಯವರು ಅದೇ ನೆಲದ ಮೇಲೆ ಕಾಲು ಚಾಚಿ ಕೂತು ಹಣ್ಣು ಬಿಡಿಸಲು ಹೊರಟಿದ್ದರು. “ಅಯ್ಯೋ, ಮೇಣ ತಾಗಿದರೆ ಹೋಗೋಲ್ಲ” ಎಂದು ಓಡಿಹೋಗಿ ಹಳೇ ಪೇಪರ್ ಹಾಸಿಕೊಟ್ಟೆ.