ಖಾತ್ರಿ ಕೂಲಿ ₹370, ಎಂಜಿನಿಯರ್ ಅಪ್ರೆಂಟಿಸ್‌ಗೆ ₹346

2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳ ಪ್ರಕಾರ ತಿಂಗಳ ಕನಿಷ್ಠ ಶಿಷ್ಯವೇತನ, ಅಂದರೆ ತರಬೇತಿ ಅವಧಿಯ ಭತ್ಯೆ, ಪದವೀಧರರಿಗೆ ₹9,000, ಡಿಪ್ಲೊಮಾದವರಿಗೆ ₹8,000, ಐಟಿಐ ಮುಗಿಸಿದವರಿಗೆ ₹7,000. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗೂ ಬೆಂಗಳೂರಿನ ವೈದ್ಯಕೀಯ ಉಪಕರಣ ವಿನ್ಯಾಸ ಕಂಪನಿಗೂ ಇದೇ ದರ. ಶಹಾಬಾದ್‌ನಲ್ಲಿ ಮನೆಯೂಟ ಉಂಡು ಕೆಲಸಕ್ಕೆ ಹೋಗುವವರಿಗೂ, ವಾಡಿ ಜಂಕ್ಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ರಾಜಧಾನಿಯಲ್ಲಿ ಕೋಣೆ ಬಾಡಿಗೆ ಕಟ್ಟುವವರಿಗೂ ಕಾನೂನು ಬೇರೆ ಲೆಕ್ಕ ಇಟ್ಟಿಲ್ಲ.

ತಿಂಗಳಿಗೆ 26 ಕೆಲಸದ ದಿನ ಹಿಡಿದರೆ ಎಂಜಿನಿಯರಿಂಗ್ ಪದವೀಧರರ ಪಾಲು ದಿನಕ್ಕೆ ₹346. 2019-20ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ₹249 ಇತ್ತು. ಪದವೀಧರರು ₹97 ಮುಂದಿದ್ದರು. 2024-25ರಲ್ಲಿ ಕೂಲಿ ₹349 ಆಯಿತು, 2025-26ರಲ್ಲಿ ₹370. ಆರು ವರ್ಷದಲ್ಲಿ ಕೂಲಿಯ ಏರಿಕೆ ಶೇ 48.6. 2025-26ರಲ್ಲಿ ಚಿಂಚೋಳಿಯಲ್ಲಿ ಕೆರೆ ಹೂಳೆತ್ತುವವರ ದಿನಗೂಲಿಗಿಂತ ಕನಿಷ್ಠ ದರದ ಪದವೀಧರರಿಗೆ ₹24, ಡಿಪ್ಲೊಮಾದವರಿಗೆ ₹62, ಐಟಿಐಯವರಿಗೆ ₹101 ಕಡಿಮೆ ಇತ್ತು. ಆಗ ಖಾತ್ರಿ ಕೆಲಸ ವರ್ಷಕ್ಕೆ 100 ದಿನ ಮಾತ್ರ ಇತ್ತು ಎಂಬುದು ನಿಜ. ಕೂಲಿ ಏರಿದ್ದು ನ್ಯಾಯವೇ. ಶಿಷ್ಯವೇತನ ನಿಂತಲ್ಲೇ ನಿಂತದ್ದು ತಪ್ಪು.

2019-20ರಿಂದ 2024-25ರವರೆಗೆ ದೇಶದ ಚಿಲ್ಲರೆ ಬೆಲೆಮಟ್ಟ ಸರಾಸರಿ ಲೆಕ್ಕದಲ್ಲಿ ಸುಮಾರು ಶೇ 32 ಏರಿತು. ಅಂದಿನ ₹9,000ದ ಕೊಳ್ಳುವ ಶಕ್ತಿ ಸುಮಾರು ₹6,830ಕ್ಕೆ ಇಳಿಯಿತು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಅಪ್ರೆಂಟಿಸ್ ಮಂಡಳಿ ಶೇ 36ರ ಹೆಚ್ಚಳಕ್ಕೆ ಶಿಫಾರಸು ಮಾಡಿತು: ₹5,000–9,000 ಇದ್ದ ಶ್ರೇಣಿ ₹6,800–12,300 ಆಗಬೇಕು. ಬೆಲೆಯೇರಿಕೆ ಕಳೆದರೆ ಇದರಲ್ಲಿ ನಿಜವಾದ ಹೆಚ್ಚಳ ಶೇ 3ರಷ್ಟೇ.

ಕಂಪನಿಗೆ ಬೀಳುವ ಹೊರೆ ಇನ್ನೂ ಕಡಿಮೆ. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ ಯೋಜನೆಯಲ್ಲಿ ಪದವೀಧರರ ಕನಿಷ್ಠ ಮೊತ್ತದ ಅರ್ಧ, ₹4,500, ಕೇಂದ್ರ ಸರ್ಕಾರದ್ದು. ಉಳಿದ ₹4,500 ದಿನಕ್ಕೆ ₹173 ಆಗುತ್ತದೆ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 200 ಜನರ ವಿನ್ಯಾಸ ಕಂಪನಿಗೆ ಇದು 5ರಿಂದ 30 ಜನ.

ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ, ಖಾತ್ರಿ ಕೂಲಿಯ ದರ ವರ್ಷಕ್ಕೊಮ್ಮೆ. ಶಿಷ್ಯವೇತನಕ್ಕೆ ಅಂಥ ಏರ್ಪಾಡಿಲ್ಲ. ಅದನ್ನೂ ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಿಸಬೇಕು. ಒಪ್ಪಂದಕ್ಕೆ ಸಹಿ ಹಾಕುವವರು ಒಂದು ನೆನಪಿಡಲಿ: ₹9,000 ಕನಿಷ್ಠ ಮಿತಿ, ಅದಕ್ಕಿಂತ ಹೆಚ್ಚು ಕೊಡಲು ಯಾವ ನಿಯಮದ ಅಡ್ಡಿಯೂ ಇಲ್ಲ.