ಧ್ವನಿ ಇದೆ, ಕೇಳಿಸುವ ಯಂತ್ರವಿಲ್ಲ: ಸ್ಪೂಲ್ ಟೇಪುಗಳ ಕಥೆ-ವ್ಯಥೆ

ನಲವತ್ತು ವರ್ಷಗಳ ಹಿಂದಿನ ಸಂಗೀತ ಕಛೇರಿಯೊಂದು ಸ್ಪೂಲ್ ಟೇಪಿನಲ್ಲಿ ಭದ್ರವಾಗಿದೆ ಎಂದುಕೊಳ್ಳೋಣ. ಆದರೆ ಅದನ್ನು ನುಡಿಸಬೇಕಾದ ಯಂತ್ರ ಕೆಟ್ಟು ಮೂಲೆ ಸೇರಿದೆ. ಬಿಡಿಭಾಗಗಳು ಸಿಗುವುದಿಲ್ಲ, ದುರಸ್ತಿ ಬಲ್ಲವರೂ ವಿರಳ. ಹಾಗಾದರೆ ಆ ಸಂಗೀತ ಇದ್ದೂ ಇಲ್ಲದಂತೆಯೇ ಅಲ್ಲವೇ?

ಜಗತ್ತಿನ ಧ್ವನಿ ಸಂಗ್ರಹಾಲಯಗಳನ್ನು ಕಾಡುತ್ತಿರುವ ಪ್ರಶ್ನೆ ಇದೇ. 2019ರಲ್ಲಿ ಯುನೆಸ್ಕೊ ಸಂಸ್ಥೆಯು ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘದೊಡನೆ ಸೇರಿ 'ಮ್ಯಾಗ್ನೆಟಿಕ್ ಟೇಪ್ ಅಲರ್ಟ್' ಎಂಬ ಯೋಜನೆ ಆರಂಭಿಸಿತು. 2025ರ ಸುಮಾರಿಗೆ ಟೇಪ್ ಯಂತ್ರಗಳ ನಿರ್ವಹಣೆಯೇ ದುಸ್ತರವಾಗಲಿದೆ ಎಂಬುದು ತಜ್ಞರ ಎಚ್ಚರಿಕೆಯಾಗಿತ್ತು. ಆ ಗಡುವು ಬಂದಾಗಿದೆ.

ಜರ್ಮನಿಯಲ್ಲಿ ಜನನ

ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಲೇಪಿಸಿ ಧ್ವನಿ ಮುದ್ರಿಸಬಹುದೆಂದು ತೋರಿದವರು ಫ್ರಿಟ್ಜ್ ಫ್ಲಾಯ್ಮರ್. ಅದು 1928ನೇ ಇಸವಿ. ಈ ತತ್ತ್ವವನ್ನು ಆಧರಿಸಿ ಎಇಜಿ ಕಂಪನಿ ಯಂತ್ರವನ್ನೂ, ಬಿಎಎಸ್‌ಎಫ್ ಟೇಪನ್ನೂ ಸಿದ್ಧಪಡಿಸಿದವು. 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ 'ಮ್ಯಾಗ್ನೆಟೊಫೋನ್' ಜನರೆದುರು ಬಂತು.

ಆರಂಭದ ಯಂತ್ರಗಳಲ್ಲಿ ಗೊರಗೊರ ಸದ್ದು ಹೆಚ್ಚು. 1940ರಲ್ಲಿ ಜರ್ಮನ್ ರೇಡಿಯೊದ ಎಂಜಿನಿಯರ್ ವಾಲ್ಟರ್ ವೆಬರ್, ಕಿವಿಗೆ ಕೇಳಿಸದಷ್ಟು ಅಧಿಕ ಕಂಪನಾಂಕದ ವಿದ್ಯುತ್ತನ್ನು ಧ್ವನಿಯೊಡನೆ ಬೆರೆಸಿ ಮುದ್ರಿಸಿದಾಗ ಸದ್ದು ಗಣನೀಯವಾಗಿ ತಗ್ಗಿತು. ಟೇಪ್ ಸಂಗೀತಕ್ಕೆ ಯೋಗ್ಯವಾದದ್ದು ಆಗಲೇ.

ಯುದ್ಧಾನಂತರ ಅಮೆರಿಕದ ಸೇನಾ ಎಂಜಿನಿಯರ್ ಜಾಕ್ ಮುಲ್ಲಿನ್ ಇಂತಹ ಎರಡು ಯಂತ್ರಗಳನ್ನೂ 50 ಸುರುಳಿ ಟೇಪನ್ನೂ ತಾಯ್ನಾಡಿಗೆ ಸಾಗಿಸಿದರು. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರಾತ್ಯಕ್ಷಿಕೆ ನಡೆಯಿತು. ನೇರ ಪ್ರಸಾರದ ಕಟ್ಟುಪಾಡಿನಿಂದ ಬೇಸತ್ತಿದ್ದ ಗಾಯಕ ಬಿಂಗ್ ಕ್ರಾಸ್ಬಿ ಮರುವರ್ಷವೇ ತಮ್ಮ ರೇಡಿಯೊ ಕಾರ್ಯಕ್ರಮಕ್ಕೆ ಟೇಪನ್ನು ಬಳಸತೊಡಗಿದರು. 1948ರಲ್ಲಿ ಆಂಪೆಕ್ಸ್ ಕಂಪನಿಯ ಯಂತ್ರ ಮಾರುಕಟ್ಟೆಗೆ ಬಂತು.

ಬ್ಲೇಡಿನಿಂದ ಕತ್ತರಿಸಿ ಜೋಡಿಸುವ, ತಪ್ಪಾದರೆ ಅಳಿಸಿ ಮತ್ತೆ ಮುದ್ರಿಸುವ ಸೌಲಭ್ಯ ಸ್ಟುಡಿಯೊಗಳ ಸ್ವರೂಪವನ್ನೇ ಬದಲಿಸಿತು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡದ 1967ರ ಪ್ರಸಿದ್ಧ ಆಲ್ಬಂ 'ಸಾರ್ಜೆಂಟ್ ಪೆಪ್ಪರ್ಸ್' ಮುದ್ರಣಗೊಂಡದ್ದು ಕೇವಲ ನಾಲ್ಕು ಟ್ರ್ಯಾಕುಗಳ ಸ್ಟೂಡರ್ ಯಂತ್ರಗಳಲ್ಲಿ.

ನಮ್ಮಲ್ಲೂ ಟೇಪಿನ ಋಣ ದೊಡ್ಡದು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಬಾನುಲಿ ಕೇಂದ್ರ ಆರಂಭಿಸಿದಾಗ ನೇರ ಪ್ರಸಾರವೇ ರೂಢಿ. ನುಡಿದದ್ದು ಗಾಳಿಗೆ ಸೇರುತ್ತಿತ್ತು. ಮುಂದೆ ದಶಕಗಳ ಕಾಲ ಆಕಾಶವಾಣಿಯ ಸಂಗೀತ, ನಾಟಕ, ಸಂದರ್ಶನಗಳನ್ನು ಹಿಡಿದಿಟ್ಟದ್ದು ಸ್ಪೂಲ್ ಟೇಪುಗಳೇ.

ಯಂತ್ರ ಕೆಡುವುದೆಲ್ಲಿ?

ಸುಮಾರು 6.3 ಮಿಲಿಮೀಟರ್ ಅಗಲದ ಟೇಪು ಸೆಕೆಂಡಿಗೆ 19 ಅಥವಾ 38 ಸೆಂಟಿಮೀಟರ್ ವೇಗದಲ್ಲಿ ಹೆಡ್‌ಗಳನ್ನು ಸವರುತ್ತ ಸಾಗುತ್ತದೆ. ವೇಗ ಕೊಂಚ ಏರುಪೇರಾದರೂ ಶ್ರುತಿ ಕೆಡುತ್ತದೆ. ಹೆಡ್ ಕೂದಲೆಳೆಯಷ್ಟು ವಾಲಿದರೂ ತಾರಸ್ಥಾಯಿ ಮಂಕಾಗುತ್ತದೆ.

ಕಾಲಾಂತರದಲ್ಲಿ ಹೆಡ್ ಸವೆಯುತ್ತದೆ, ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಗಟ್ಟಿಯಾಗುತ್ತದೆ ಇಲ್ಲವೇ ಅಂಟಂಟಾಗುತ್ತದೆ, ಕೆಪಾಸಿಟರ್‌ಗಳು ಒಣಗುತ್ತವೆ. ಒಂದು ಯಂತ್ರವನ್ನು ಉಳಿಸಲು ಇನ್ನೊಂದನ್ನು ಬಿಚ್ಚಬೇಕಾದ ಪರಿಸ್ಥಿತಿ. ಇದರ ನಡುವೆ, ಟೇಪು ನೀಡುವ 'ಬೆಚ್ಚನೆಯ' ನಾದಕ್ಕೆ ಮನಸೋತ ಸಂಗೀತಗಾರರೂ ಇದೇ ಹಳೆಯ ಯಂತ್ರಗಳ ಬೆನ್ನು ಹತ್ತಿದ್ದಾರೆ.

ಟೇಪಿಗೂ ಕಾಯಿಲೆ

1970 ಮತ್ತು 80ರ ದಶಕದ ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ನುಡಿಸಿದರೆ ಟೇಪು ಕಿರುಗುಟ್ಟಿ, ಲೇಪನ ಹೆಡ್‌ಗೆ ಮೆತ್ತಿಕೊಳ್ಳುತ್ತದೆ. ಲೇಪನ ಕಿತ್ತುಬಂದರೆ ಧ್ವನಿಯೂ ಹೋದಂತೆ. ತಜ್ಞರು ಇಂಥ ಟೇಪನ್ನು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಇದು ತಾತ್ಕಾಲಿಕ ಶಮನ ಮಾತ್ರ. ಆ ಅವಧಿಯಲ್ಲೇ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಅದಕ್ಕೂ ಹಿಂದಿನ ಅಸಿಟೇಟ್ ಟೇಪುಗಳಿಗೆ ಈ ಉಪಚಾರ ಸಲ್ಲದು. ಅವು ಶಾಖಕ್ಕೆ ಹಾಳಾಗುತ್ತವೆ. ಆದ್ದರಿಂದ ಮನೆಯ ಓವನ್‌ನಲ್ಲಿ ಈ ಪ್ರಯೋಗ ಬೇಡ.

ಮನೆಯಲ್ಲಿ ಟೇಪು ಇದ್ದರೆ...

ಅಜ್ಜಿಯ ಸೋಬಾನೆ ಪದ, ತಂದೆಯ ಭಾಷಣ, ಮದುವೆಮನೆಯ ನಾಗಸ್ವರ - ಹೀಗೆ ಹಲವರ ಮನೆಯಲ್ಲಿ ಸ್ಪೂಲು, ಕ್ಯಾಸೆಟ್ಟುಗಳು ಉಳಿದಿವೆ. ಅವನ್ನು ತಂಪಾದ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಸ್ಪೀಕರ್‌ಗಳಿಂದ ದೂರವಿರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ವಿಶೇಷ ಎಚ್ಚರ ವಹಿಸಬೇಕು. ಬೂಷ್ಟು ಕಂಡರೆ, ವಿನೆಗರ್ ವಾಸನೆ ಬಂದರೆ ಅಥವಾ ಟೇಪು ಅಂಟಿಕೊಂಡಿದ್ದರೆ ನುಡಿಸಲು ಹೋಗದೆ ಬಲ್ಲವರ ಕೈಗೆ ಕೊಡುವುದು ಕ್ಷೇಮ. ಡಬ್ಬಿಯ ಮೇಲೆ ಯಾರ ಧ್ವನಿ, ಯಾವ ವರ್ಷ ಎಂದು ಬರೆದಿಡಿ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಒಂದು ಗಂಟೆಯ ಟೇಪನ್ನು ಸರಿಯಾಗಿ ಪ್ರತಿ ಮಾಡಲು ಕನಿಷ್ಠ ಒಂದು ಗಂಟೆ ಬೇಕೇ ಬೇಕು. ಸಾವಿರಾರು ಗಂಟೆಗಳ ಸಂಗ್ರಹವಿರುವ ಸಂಸ್ಥೆಗೆ ಯಂತ್ರದ ಆಯುಷ್ಯವೇ ಮಿತಿ. ಎಲ್ಲವನ್ನೂ ಉಳಿಸಲಾಗದು. ಯಾವುದನ್ನು ಮೊದಲು ಉಳಿಸಬೇಕು ಎಂಬ ತೀರ್ಮಾನ, ಯಂತ್ರಗಳು ಓಡುತ್ತಿರುವಾಗಲೇ ಆಗಬೇಕಿದೆ.